ತನ್ನ ರಕ್ತದಲ್ಲೇ ವಿಷ ಅಳೆದ ಹಾಲ್ಡೇನ್

1895ರ ಜುಲೈ 1. ಲಂಡನ್ನಿನ ಪೂರ್ವದ ಅಂಚಿನ ಈಸ್ಟ್ ಹ್ಯಾಮ್‌ನಲ್ಲಿ ಕೊಳಚೆನೀರು ಎತ್ತುವ ಪಂಪುಮನೆಯ ಬಾವಿಗೆ ಇಳಿದ ಕೆಲಸಗಾರನೊಬ್ಬ ಅಲ್ಲೇ ಕುಸಿದ. ಅವನನ್ನು ಎತ್ತಿ ತರಲು ಇನ್ನೊಬ್ಬ ಇಳಿದ. ಅವನೂ ಮೇಲೆ ಬರಲಿಲ್ಲ. ಹೀಗೆ ಒಬ್ಬರ ಹಿಂದೆ ಒಬ್ಬರು ಇಳಿದು ಅಂದು ಐವರು ಪ್ರಾಣ ಬಿಟ್ಟರು. ಪರರನ್ನು ಉಳಿಸಲು ಹೋಗಿ ಮಡಿದ ಸಾಮಾನ್ಯ ಜನರ ಹೆಸರು ಬರೆದ ಗೋಡೆಯೊಂದು ಲಂಡನ್ನಿನ ಉದ್ಯಾನದಲ್ಲಿದೆ. ಜತೆಗಾರನನ್ನು ಉಳಿಸಲು ಇಳಿದ ನಾಲ್ವರ ಹೆಸರು ಅಲ್ಲಿ ಇಂದಿಗೂ ಓದಸಿಗುತ್ತದೆ.

ಆ ಸಾವುಗಳ ಕಾರಣವನ್ನು ಶೋಧಿಸಿದವರು ಆಕ್ಸ್‌ಫರ್ಡಿನ ಶರೀರಕ್ರಿಯಾ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಆಗ ಅವರಿಗೆ ಮೂವತ್ತೈದು ವರ್ಷ. ಕೊಳಚೆಯಿಂದ ಎದ್ದ ಹೈಡ್ರೋಜನ್ ಸಲ್ಫೈಡ್ ಅನಿಲವೇ ಐವರನ್ನೂ ಕೊಂದಿತೆಂಬ ತೀರ್ಮಾನಕ್ಕೆ ಅವರು ಬಂದರು. ಕೊಳೆತ ಮೊಟ್ಟೆಯ ನಾತದ ಈ ಅನಿಲ ಗಾಳಿಗಿಂತ ಭಾರ. ಗುಂಡಿಯ ತಳದಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಪ್ರಮಾಣ ಹೆಚ್ಚಾದೊಡನೆ ಮೂಗಿನ ಶಕ್ತಿಯನ್ನೇ ಅಡಗಿಸಿಬಿಡುತ್ತದೆ. ನಾತ ನಿಂತಿತೆಂದು ನಿಟ್ಟುಸಿರು ಬಿಟ್ಟವನು ಮರುಗಳಿಗೆಯಲ್ಲಿ ನೆಲಕ್ಕುರುಳುತ್ತಾನೆ. ನಮ್ಮ ಊರುಗಳ ಮ್ಯಾನ್‌ಹೋಲುಗಳಲ್ಲಿ ಒಬ್ಬನ ಬದಲು ಇಬ್ಬರು, ಮೂವರು ಒಟ್ಟಿಗೇ ಸತ್ತ ಸುದ್ದಿಯನ್ನು ಓದುವಾಗಲೆಲ್ಲ ನನಗೆ ಈಸ್ಟ್ ಹ್ಯಾಮ್ ನೆನಪಾಗುತ್ತದೆ. ಅಲ್ಲಿ ಮೊದಲನೆಯವನನ್ನು ಅನಿಲ ಕೊಂದಿತು. ಉಳಿದ ನಾಲ್ವರನ್ನು ಕೊಂದದ್ದು ಅನಿಲ ಮತ್ತು ಅಂತಃಕರಣ ಎರಡೂ ಸೇರಿ.

ಇಷ್ಟು ದೂರದ, ಇಷ್ಟು ಹಳೆಯ ಸಾವಿನ ಮಾತನ್ನು ಆನೆಗೊಂದಿಯಲ್ಲಿ ಕುಳಿತು ನಾನು ತೆಗೆಯುವುದಕ್ಕೆ ಕಾರಣವಿದೆ. ಹೊರಗಿನವರ ಪಾಲಿಗೆ ಆನೆಗೊಂದಿಯೆಂದರೆ ಅಂಜನಾದ್ರಿ, ಪಂಪಾ ಸರೋವರ, ನವವೃಂದಾವನ ಮತ್ತು ಹಂಪಿಯ ಆಚೆ ದಡಕ್ಕೆ ಒಯ್ಯುವ ಹರಿಗೋಲು. ಊರೊಳಗಿನ ಬದುಕು ಬೇರೆ. ಭತ್ತ ಮತ್ತು ಬಾಳೆ ವರ್ಷವಿಡೀ ಎಲ್ಲರ ಕೈಗೂ ಕೆಲಸ ಕೊಡಲಾರವು. ಆದ್ದರಿಂದ ಈ ಸೀಮೆಯ ಎಷ್ಟೋ ಹುಡುಗರು ಗುತ್ತಿಗೆದಾರನ ವಾಹನ ಹತ್ತಿ ಕೊಪ್ಪಳ ತಾಲ್ಲೂಕಿನ ಗಿಣಿಗೇರಾ, ಬೇವಿನಹಳ್ಳಿ, ಹಿರೇಬಗನಾಳದ ಸುತ್ತಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ಕೆಲವರು ಹೊಳೆ ದಾಟಿ ತೋರಣಗಲ್ಲಿಗೆ. ಅಲ್ಲಿ ತಯಾರಾಗುವುದು ಬೀಡುಕಬ್ಬಿಣ, ಸ್ಪಾಂಜ್ ಐರನ್, ಉಕ್ಕು. ಕಬ್ಬಿಣ ನಮ್ಮ ನೆಲಕ್ಕೆ ಹೊಸತೇನಲ್ಲ. ಇಲ್ಲಿಂದ ದೂರವಲ್ಲದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಸಾಲಾಗಿ ನಿಂತಿರುವ ಶಿಲಾಸಮಾಧಿಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನ ಕಬ್ಬಿಣಯುಗದ ಜನರವು. ಅಂದಿನ ಮಣ್ಣಿನ ಕುಲುಮೆಗೂ ಇಂದಿನ ಊದುಕುಲುಮೆಗೂ ಗಾತ್ರದಲ್ಲಿ ಅಜಗಜಾಂತರವಿದ್ದರೂ ಒಳಗೆ ದುಡಿಯುವ ಅನಿಲ ಒಂದೇ, ಕಾರ್ಬನ್ ಮಾನಾಕ್ಸೈಡ್.

ಅದಿರಿನಲ್ಲಿ ಕಬ್ಬಿಣವನ್ನು ಬಿಗಿದಪ್ಪಿಕೊಂಡಿರುವ ಆಮ್ಲಜನಕವನ್ನು ಕಸಿದುಕೊಂಡು ಲೋಹವನ್ನು ಬಿಡುಗಡೆ ಮಾಡುವುದು ಈ ಅನಿಲದ ಕೆಲಸ. ಅದಿಲ್ಲದೆ ಕಬ್ಬಿಣವಿಲ್ಲ. ಕೆಲಸ ಮುಗಿಸಿ ಊದುಕುಲುಮೆಯ ನೆತ್ತಿಯಿಂದ ಹೊರಬರುವ ಅನಿಲದಲ್ಲಿ ಐದನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕಾರ್ಬನ್ ಮಾನಾಕ್ಸೈಡೇ ಇರುತ್ತದೆ. ಅದು ಉರಿಯುವ ವಸ್ತು. ವ್ಯರ್ಥ ಮಾಡಬಾರದೆಂದು ದೊಡ್ಡ ಕೊಳವೆಗಳ ಮೂಲಕ ಸ್ಟೋವುಗಳಿಗೂ ಬಾಯ್ಲರುಗಳಿಗೂ ಹರಿಸುತ್ತಾರೆ. ಕೊಳವೆಯ ಜೋಡಣೆಯೊಂದು ಸಡಿಲಾದರೆ, ಅನಿಲವನ್ನು ತಡೆಹಿಡಿಯುವ ನೀರಿನ ಸೀಲು ಒಣಗಿದರೆ, ದುರಸ್ತಿಯ ಹೊತ್ತಿನಲ್ಲಿ ವಾಲ್ವು ಪೂರ್ತಿ ಮುಚ್ಚದಿದ್ದರೆ ಅದು ಹೊರಗೆ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲಿಗೆ ಕೆರೆತವಿಲ್ಲ.

ನಮ್ಮ ಜನ ಹೊಗೆಗೆ ಹೆದರುತ್ತಾರೆ, ಅದು ಸರಿಯೇ. ಬೆಳೆಯ ಮೇಲೆ ಕೂರುವ ಕರಿದೂಳನ್ನು, ಎದೆ ಕಟ್ಟಿಸುವ ಗಾಳಿಯನ್ನು ಮುಂದಿಟ್ಟುಕೊಂಡು ಉಕ್ಕಿನ ಕಾರ್ಖಾನೆಯ ವಿಸ್ತರಣೆಯ ವಿರುದ್ಧ 2025ರ ಫೆಬ್ರುವರಿ 24ರಂದು ಕೊಪ್ಪಳ ಪಟ್ಟಣ ಬಂದ್ ಆಚರಿಸಿತು. ಊರಿಗೆ ಊರೇ ಬೀದಿಗಿಳಿದದ್ದು ಸಣ್ಣ ಸಂಗತಿಯಲ್ಲ. ಆದರೆ ಕಣ್ಣಿಗೆ ಕಾಣದ ವಿಷ ಕಾಂಪೌಂಡಿನ ಒಳಗೇ ಉಳಿಯುತ್ತದೆ. ಅದರ ಪಾಲುದಾರರು ಒಳಗೆ ದುಡಿಯುವವರು ಮಾತ್ರ. ಅವರ ಪರವಾಗಿ ಊರು ಬಂದ್ ಆಗುವುದಿಲ್ಲ. ಈ ಅನಿಲವನ್ನು ಮೊದಲ ಬಾರಿಗೆ ಸರಿಯಾಗಿ ಕಂಡವರು ಹಾಲ್ಡೇನ್. ಅವರ ಬದುಕು ನಮ್ಮ ಕಾರ್ಖಾನೆಗಳ ಗೇಟಿನ ಬಳಿ ಓದಿಹೇಳಬೇಕಾದ ಕಥೆಯೆಂದು ನನಗನ್ನಿಸುತ್ತದೆ.

ಅವರು ಹುಟ್ಟಿದ್ದು 1860ರ ಮೇ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ, ಸ್ಥಿತಿವಂತರ ಮನೆಯಲ್ಲಿ. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯೂ ಲಾರ್ಡ್ ಚಾನ್ಸಲರೂ ಆದರು. ತಮ್ಮ 1884ರಲ್ಲಿ ವೈದ್ಯ ಪದವಿ ಪಡೆದರೂ ರೋಗಿಗಳ ನಾಡಿ ಹಿಡಿಯುವ ಬದಲು ಅವರು ಉಸಿರಾಡುವ ಗಾಳಿಯ ಬೆನ್ನು ಹತ್ತಿದರು. ಡಂಡೀ ನಗರದ ಕೊಳೆಗೇರಿಗಳ ಒಂದೇ ಕೋಣೆಯ ಮನೆಗಳಿಗೆ ರಾತ್ರಿ ಹೊತ್ತು ಹೋಗಿ, ಮಲಗಿದವರ ನಡುವಿನ ಗಾಳಿಯನ್ನು ಸೀಸೆಗಳಲ್ಲಿ ತುಂಬಿ ತಂದು ಪರೀಕ್ಷಿಸಿದರು. ಬಳಿಕ ಪಾರ್ಲಿಮೆಂಟ್ ಭವನದ ಚರಂಡಿಗಳ ಗಾಳಿಯ ಸರದಿ. ಪ್ರಯೋಗಾಲಯಕ್ಕೆ ಗಾಳಿ ಬರಲೆಂದು ಕಾಯದೆ ಗಾಳಿ ಇದ್ದಲ್ಲಿಗೇ ಹೋಗುವುದು ಅವರ ಪದ್ಧತಿಯಾಯಿತು. ಅದೇ ಅವರನ್ನು ಗಣಿಗಳಿಗೆ ಕರೆದೊಯ್ದಿತು.

1896ರ ಜನವರಿ 27ರಂದು ದಕ್ಷಿಣ ವೇಲ್ಸಿನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 57 ಮಂದಿ ಸತ್ತರು. ಸ್ಫೋಟದಲ್ಲಿ ಸತ್ತವರೆಂದರೆ ಸಿಡಿತಕ್ಕೆ ಸಿಕ್ಕವರು, ಸುಟ್ಟವರು ಎಂಬುದು ಎಲ್ಲರ ನಂಬಿಕೆ. ಹಾಲ್ಡೇನ್ ಹೋಗಿ ಶವಗಳನ್ನು ಪರೀಕ್ಷಿಸಿದರು. ಯಾರು ಎಲ್ಲಿ, ಯಾವ ಭಂಗಿಯಲ್ಲಿ ಸಿಕ್ಕರೆಂದು ವಿಚಾರಿಸಿದರು. ಸತ್ತವರ ಚರ್ಮಕ್ಕೆ ವಿಚಿತ್ರವಾದ ಗುಲಾಬಿ ಕಳೆಯಿತ್ತು, ರಕ್ತವೂ ಹಾಗೆಯೇ ಕೆಂಪು. ಬಹುಪಾಲು ಜನರನ್ನು ಕೊಂದದ್ದು ಸ್ಫೋಟವಲ್ಲ, ಅದರ ನಂತರ ಗಣಿಯಲ್ಲಿ ಹಬ್ಬಿದ ಕಾರ್ಬನ್ ಮಾನಾಕ್ಸೈಡ್ ಎಂದು ಅವರು ಸರ್ಕಾರಕ್ಕೆ ವರದಿ ಕೊಟ್ಟರು. ಈ ತೀರ್ಮಾನದ ತೂಕ ಎಷ್ಟೆಂಬುದನ್ನು ನಿಂತು ಯೋಚಿಸಬೇಕು. ಸಿಡಿತಕ್ಕೆ ಸಿಕ್ಕವನನ್ನು ಉಳಿಸುವುದು ಯಾರಿಂದಲೂ ಆಗದು. ವಿಷಗಾಳಿಗೆ ಸಿಕ್ಕವನಿಗೆ ಇನ್ನೂ ಸಮಯವಿರುತ್ತದೆ. ಅಂದರೆ ವಿಧಿಯ ಲೆಕ್ಕಕ್ಕೆ ಬರೆದಿದ್ದ ಸಾವುಗಳು ತಡೆಯಬಹುದಾಗಿದ್ದ ಸಾವುಗಳ ಲೆಕ್ಕಕ್ಕೆ ಬಂದವು.

ಅವರು ಗುರುತು ಹಿಡಿದದ್ದು ಊಹೆಯಿಂದಲ್ಲ. ಹಿಂದಿನ ವರ್ಷವಷ್ಟೇ ಅವರು ಈ ಅನಿಲವನ್ನು ತಾವೇ ಉಸಿರಾಡಿ ನೋಡಿದ್ದರು. ಸಾವಿರ ಪಾಲು ಗಾಳಿಗೆ ಸುಮಾರು ಎರಡು ಪಾಲು ಅನಿಲ ಬೆರೆಸಿ, ಒಂದು ಗಂಟೆಗೂ ಮೀರಿ ಅದನ್ನು ಸೇವಿಸುತ್ತ, ನಡುನಡುವೆ ತಮ್ಮ ಬೆರಳು ಚುಚ್ಚಿ ರಕ್ತ ತೆಗೆದು ಪರೀಕ್ಷಿಸಿದರು. ರಕ್ತವನ್ನು ನೀರಿನಲ್ಲಿ ತೆಳುವಾಗಿಸಿ, ಕಾರ್ಮೈನ್ ಎಂಬ ಕೆಂಪು ಬಣ್ಣದ ದ್ರಾವಣದ ಜತೆ ಹೋಲಿಸಿ ಎಷ್ಟು ವಿಷ ಸೇರಿದೆಯೆಂದು ಹೇಳುವ ಸರಳ ವಿಧಾನ ಅವರದೇ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಕಾರ್ಬನ್ ಮಾನಾಕ್ಸೈಡಿನ ಮೇಲೆ ಇನ್ನೂರು ಪಟ್ಟಿಗೂ ಹೆಚ್ಚಿನ ವ್ಯಾಮೋಹ. ಹೀಗಾಗಿ ಗಾಳಿಯಲ್ಲಿ ಅತ್ಯಲ್ಪವಾಗಿದ್ದರೂ ಅದು ನಿಧಾನವಾಗಿ ಆಸನಗಳನ್ನೆಲ್ಲ ಆಕ್ರಮಿಸಿಕೊಂಡು ಆಮ್ಲಜನಕವನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಹಾಲ್ಡೇನ್ ತಮ್ಮ ರಕ್ತದ ಸುಮಾರು ಅರ್ಧ ಭಾಗ ಹೀಗೆ ಆಕ್ರಮಿತವಾಗುವವರೆಗೂ ಹೋದರು. ಕುಳಿತಿರುವಾಗ ಏನೂ ಆಗಿಲ್ಲವೆನಿಸುವವನು ಎದ್ದು ನಾಲ್ಕು ಹೆಜ್ಜೆ ಇಟ್ಟೊಡನೆ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ ಎಂಬುದನ್ನು ಅವರು ದಾಖಲಿಸಿದರು. ಇನ್ನೂ ಮುಖ್ಯವಾದ ಸಂಗತಿ, ವಿಷವೇರಿದವನಿಗೆ ತನಗೆ ವಿಷವೇರಿದೆಯೆಂದು ತಿಳಿಯುವುದಿಲ್ಲ. ಕುಡಿದವನಿಗೆ ತಾನು ತೂರಾಡುತ್ತಿರುವುದು ಗೊತ್ತಾಗದಂತೆ, ಬುದ್ಧಿಯೇ ಮೊದಲು ಮಂಕಾಗುತ್ತದೆ. ತಲೆನೋವು ಬಂದರೆ ಹೊರಗೆ ಬಾ ಎಂಬ ಮೇಸ್ತ್ರಿಯ ಎಚ್ಚರಿಕೆ ಏಕೆ ಸಾಲದು ಎಂಬುದಕ್ಕೆ ಉತ್ತರ ಇಲ್ಲಿದೆ. ಹೊರಗೆ ಬರಬೇಕೆಂದು ನಿರ್ಧರಿಸುವ ಮೆದುಳೇ ಆಗ ಕೈಕೊಟ್ಟಿರುತ್ತದೆ.

ಇದಕ್ಕೆ ಹಾಲ್ಡೇನ್ ಸೂಚಿಸಿದ ಉಪಾಯ ಮನುಷ್ಯನಿಗಿಂತ ಮೊದಲು ಸೋಲುವ ಒಂದು ಜೀವ. ಇಲಿಮರಿ, ಸಣ್ಣ ಹಕ್ಕಿಗಳಂಥ ಪ್ರಾಣಿಗಳ ಉಸಿರೂ ರಕ್ತದ ಓಟವೂ ಬಲು ಚುರುಕು. ಮನುಷ್ಯನಿಗೆ ಅರ್ಧ ಗಂಟೆ ಹಿಡಿಯುವ ವಿಷ ಅವುಗಳಿಗೆ ಕೆಲವೇ ನಿಮಿಷಗಳಲ್ಲಿ ಏರುತ್ತದೆ. ಪಂಜರದ ಹಕ್ಕಿ ಕೋಲಿನಿಂದ ಜಾರಿಬಿದ್ದರೆ ಜನ ಹಿಂದಿರುಗಬೇಕು. 1911ರ ಹೊತ್ತಿಗೆ ಕ್ಯಾನರಿ ಹಕ್ಕಿ ಬ್ರಿಟನ್ನಿನ ಗಣಿಗಳ ರಕ್ಷಣಾದಳದ ಸದಸ್ಯನೇ ಆಯಿತು. ಎಲೆಕ್ಟ್ರಾನಿಕ್ ಮಾಪಕಕ್ಕೆ ಅದು ಜಾಗ ಬಿಟ್ಟುಕೊಟ್ಟದ್ದು 1986ರಲ್ಲಿ. ಹಕ್ಕಿಯ ಜೀವಕ್ಕೂ ಬೆಲೆಯಿತ್ತು. ಮೂರ್ಛೆ ಹೋದೊಡನೆ ಬಾಗಿಲು ಮುಚ್ಚಿ ಆಮ್ಲಜನಕ ಬಿಡಲು ನೆತ್ತಿಯ ಮೇಲೆ ಪುಟ್ಟ ಸಿಲಿಂಡರ್ ಇಟ್ಟ ಪಂಜರಗಳು ಬಳಕೆಗೆ ಬಂದವು. ಅಂಥದೊಂದು ಪಂಜರದ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದ್ದೇನೆ.

ಏಕೆಂದರೆ ನಮ್ಮಲ್ಲಿ ಆ ಪಂಜರವೂ ಇಲ್ಲ. ನಮ್ಮ ಓಣಿಯ ಹುಡುಗನೊಬ್ಬ ಎರಡು ವರ್ಷ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ದುಡಿದ. ಹೆಸರು ಇಲ್ಲಿ ಬೇಡ. ಕುಲುಮೆ ನಿಲ್ಲಿಸಿ ದುರಸ್ತಿ ಮಾಡುವ ದಿನಗಳಲ್ಲಿ ಒಳಗೆ ಇಳಿದು ದೂಳು ಎತ್ತುವುದು ಅವನ ತಂಡದ ಪಾಲು. ಅನಿಲ ಹೆಚ್ಚಾದರೆ ಕೂಗುವ ಸಣ್ಣ ಯಂತ್ರ ಇಂಜಿನಿಯರರ ಜೇಬಿನಲ್ಲಿರುತ್ತಿತ್ತು, ಇಂಜಿನಿಯರ್ ಮೇಲಿರುತ್ತಿದ್ದರು. ಇವನಿಗೆ ಕೊಟ್ಟದ್ದು ಹೆಲ್ಮೆಟ್, ಕೈಗವಸು, ಬಟ್ಟೆಯ ಮಾಸ್ಕ್. ಅವನು ಹೇಳಿದ್ದನ್ನು ಕೇಳಿ ನನಗೆ ಹೊಳೆದದ್ದಿಷ್ಟು: ಆ ಗುಂಡಿಯಲ್ಲಿ ಅನಿಲವನ್ನು ಮೊದಲು ಅಳೆಯುತ್ತಿದ್ದ ಉಪಕರಣ ಆ ಹುಡುಗನ ಮೈಯೇ. ಯಾವ ಮನುಷ್ಯನೂ ಮಾಪಕವಾಗಬಾರದೆಂದು ಹಾಲ್ಡೇನ್ ಹಕ್ಕಿಯನ್ನು ಮುಂದೆ ಕಳಿಸಿದರು. ಅದಕ್ಕೂ ಮೊದಲು ತಾವೇ ಮಾಪಕವಾದರು. ಸಂಬಳಕ್ಕೆ ಇಟ್ಟುಕೊಂಡ ಬಡವನ ಮೈಯನ್ನು ಪ್ರಯೋಗಕ್ಕೆ ಬಳಸುವ ದಾರಿ ಅವರಿಗೂ ತೆರೆದಿತ್ತು, ಅದನ್ನು ಅವರು ಹಿಡಿಯಲಿಲ್ಲ.

ಮಗನನ್ನು ಮಾತ್ರ ಬಿಡಲಿಲ್ಲ ಎನ್ನಬೇಕು. ಮುಂದೆ ಜೀವವಿಜ್ಞಾನದಲ್ಲಿ ತಂದೆಗಿಂತ ಹೆಚ್ಚು ಹೆಸರು ಮಾಡಿದ ಜೆ.ಬಿ.ಎಸ್. ಹಾಲ್ಡೇನ್ ಹುಡುಗನಾಗಿದ್ದಾಗ ತಂದೆ ಅವರನ್ನು ಗಣಿಯೊಂದಕ್ಕೆ ಕರೆದೊಯ್ದು, ಮೀಥೇನ್ ತುಂಬಿದ ಜಾಗದಲ್ಲಿ ಎದ್ದುನಿಂತು ಷೇಕ್ಸ್‌ಪಿಯರನ ನಾಟಕದ ಒಂದು ಭಾಷಣ ಒಪ್ಪಿಸಲು ಹೇಳಿದರಂತೆ. ಹುಡುಗ ನಡುವೆಯೇ ಏದುಸಿರು ಬಿಡುತ್ತ ಕುಸಿದ. ನೆಲದ ಬಳಿ ಗಾಳಿ ಚೆನ್ನಾಗಿದ್ದುದರಿಂದ ಚೇತರಿಸಿಕೊಂಡ. ಮೀಥೇನ್ ಗಾಳಿಗಿಂತ ಹಗುರ, ಸೂರಿನ ಕೆಳಗೆ ಸೇರುತ್ತದೆ ಎಂಬ ಪಾಠ ಅವನಿಗೆ ಎಂದೂ ಮರೆಯಲಿಲ್ಲ. ಇಂದಿನ ತಂದೆತಾಯಿಯರು ಮೆಚ್ಚುವ ಪಾಠಕ್ರಮವಲ್ಲ ಇದು! ಆದರೆ ನಮ್ಮ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರುವ ಎಷ್ಟು ಮಂದಿಗೆ ಯಾವ ಅನಿಲ ತಳ ಹಿಡಿಯುತ್ತದೆ, ಯಾವುದು ಮೇಲೇರುತ್ತದೆ ಎಂದು ಯಾರಾದರೂ ಹೇಳಿಕೊಟ್ಟಿರುತ್ತಾರೆ? ಕಾರ್ಬನ್ ಮಾನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದು. ಬಗ್ಗಿದರೂ ನಿಂತರೂ ಅದರಿಂದ ತಪ್ಪಿಸಿಕೊಳ್ಳಲಾಗದು.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಕಾರ್ಖಾನೆಯ ವಸ್ತುವೊಂದು ಯುದ್ಧದ ಆಯುಧವಾದ ದಿನವದು. ಬ್ರಿಟಿಷ್ ಸರ್ಕಾರ ತಕ್ಷಣ ರಣರಂಗಕ್ಕೆ ಕಳಿಸಿದ್ದು ಐವತ್ತೈದು ಮುಟ್ಟುತ್ತಿದ್ದ ಹಾಲ್ಡೇನರನ್ನು. ಅವರು ಸತ್ತ ಸೈನಿಕರನ್ನು ಪರೀಕ್ಷಿಸಿ ಕ್ಲೋರಿನ್ ಎಂದು ದೃಢಪಡಿಸಿದರು. ಬಳಿಕ ಮುಖವಾಡಗಳ ಪ್ರಯೋಗಕ್ಕೆ ಇಳಿದು ಕ್ಲೋರಿನ್ ತುಂಬಿದ ಕೋಣೆಯೊಳಗೆ ತಾವೇ ಹೋಗಿ ಕೆಮ್ಮಿದರು. ಅಷ್ಟರಲ್ಲಿ ದೇಶದ ಹೆಂಗಸರೆಲ್ಲ ಪತ್ರಿಕೆಯ ಕರೆಗೆ ಓಗೊಟ್ಟು ಹತ್ತಿಯ ಪಟ್ಟಿಗಳನ್ನು ಹೊಲಿದು ರಾಶಿರಾಶಿಯಾಗಿ ಕಳಿಸಿದ್ದರು. ಒಣಗಿದ್ದರೆ ಅವು ಅನಿಲವನ್ನು ತಡೆಯುತ್ತಿರಲಿಲ್ಲ, ನೆನೆದರೆ ಉಸಿರೇ ಆಡುತ್ತಿರಲಿಲ್ಲ. ಅಂಥ ಪಟ್ಟಿಯನ್ನು ನಂಬಿಕೊಂಡು ನಿಂತವನ ಗತಿ ಏನೂ ಇಲ್ಲದೆ ಓಡಿದವನಿಗಿಂತ ಕಡೆ. ನಮ್ಮ ಕಾರ್ಖಾನೆಗಳಲ್ಲೂ, ಅನಿಲ ಸೋರಿದಾಗ ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಒಳಗೆ ನುಗ್ಗುವ ರೂಢಿ ಇದೆ. ಟವೆಲ್ ದೂಳನ್ನು ತಡೆದೀತು, ಕಾರ್ಬನ್ ಮಾನಾಕ್ಸೈಡನ್ನು ಎಳ್ಳಷ್ಟೂ ತಡೆಯದು. ಸಾಮಾನ್ಯ ಮಾಸ್ಕಿನದೂ ಇದೇ ಕಥೆ. ಅಂಥ ಜಾಗಕ್ಕೆ ಹೋಗಬೇಕಾದವನ ಬೆನ್ನಿಗೆ ಗಾಳಿಯ ಸಿಲಿಂಡರ್ ಇರಬೇಕು, ಸೊಂಟಕ್ಕೆ ಹಗ್ಗ ಇರಬೇಕು, ಹಗ್ಗದ ಇನ್ನೊಂದು ತುದಿ ಹೊರಗಿನವನ ಕೈಯಲ್ಲಿರಬೇಕು.

ಈ ಮಾತು ನನ್ನ ಕಲ್ಪನೆಯಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಸೆಕ್ಷನ್ ಏಳು ದಶಕಗಳ ಕಾಲ ಇದನ್ನೇ ವಿಧಿಸಿತ್ತು: ಒಳಗಿನ ಗಾಳಿಯನ್ನು ಅರ್ಹ ವ್ಯಕ್ತಿ ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನ ಮತ್ತು ಹಗ್ಗ ಇರಬೇಕು. ಕಾರ್ಬನ್ ಮಾನಾಕ್ಸೈಡಿಗೆ ಅದೇ ಕಾಯ್ದೆ ಹಾಕಿದ್ದ ಮಿತಿ ಎಂಟು ಗಂಟೆಯ ಪಾಳಿಗೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 50 ಪಾಲು. ಊದುಕುಲುಮೆಯ ಅನಿಲದಲ್ಲಿ ಅದು ಹತ್ತು ಲಕ್ಷಕ್ಕೆ ಎರಡು ಲಕ್ಷದಷ್ಟು, ಅಂದರೆ ಮಿತಿಯ ನಾಲ್ಕು ಸಾವಿರ ಪಟ್ಟು. ಭೋಪಾಲದ ಬಳಿಕ, 1987ರಲ್ಲಿ, ಅಪಾಯದ ಮುನ್ಸೂಚನೆ ಕಂಡರೆ ಆಡಳಿತದ ಗಮನಕ್ಕೆ ತರುವ ಹಕ್ಕನ್ನು ಕಾರ್ಮಿಕನಿಗೇ ಕೊಟ್ಟ ಕಲಮೂ ಸೇರಿತು. 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಜಾರಿಗೆ ಬಂದಿದೆ. ಕಾಯ್ದೆ ಬದಲಾದರೂ ಅನಿಲದ ಗುಣ ಬದಲಾಗುವುದಿಲ್ಲ. ಪ್ರಮಾಣಪತ್ರದ ಪುಸ್ತಕವನ್ನು ಗುಂಡಿಯ ಬಾಯಲ್ಲಿ ತುಂಬುತ್ತಾರೋ, ಕಚೇರಿಯ ಮೇಜಿನ ಮೇಲೆ ತುಂಬುತ್ತಾರೋ ಎಂಬುದಷ್ಟೇ ನನ್ನ ಪ್ರಶ್ನೆ.

ದೊಡ್ಡ ಸಂಸ್ಥೆಗಳೂ ಈ ಅನಿಲದ ಮುಂದೆ ಸಣ್ಣವೇ. 2014ರ ಜೂನ್ 12ರಂದು ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ಪಂಪುಮನೆಯೊಂದರ ನೀರಿನ ಒತ್ತಡ ಕುಸಿದು, ನೀರು ಹಿಡಿದಿಟ್ಟಿದ್ದ ಊದುಕುಲುಮೆಯ ಅನಿಲ ಹಿಂದಕ್ಕೆ ನುಗ್ಗಿತು. ಸತ್ತ ಆರು ಮಂದಿಯಲ್ಲಿ ಇಬ್ಬರು ಉಪಪ್ರಧಾನ ವ್ಯವಸ್ಥಾಪಕರು. ನೆರವಿಗೆ ಧಾವಿಸಿದವರೂ ಆಸ್ಪತ್ರೆ ಸೇರಿದರು. 2021ರ ಜನವರಿ 6ರಂದು ರೂರ್ಕೆಲಾ ಉಕ್ಕಿನ ಕಾರ್ಖಾನೆಯಲ್ಲಿ ವಿಷಾನಿಲಕ್ಕೆ ಸಿಕ್ಕಿ ಸತ್ತ ನಾಲ್ವರೂ ಗುತ್ತಿಗೆ ಕಾರ್ಮಿಕರು. ಅನಿಲಕ್ಕೆ ಹುದ್ದೆಯ ಭೇದ ತಿಳಿಯದು. ಆದರೆ ಗುಂಡಿಯ ಬಳಿಗೆ ಯಾರನ್ನು ಕಳಿಸಬೇಕೆಂಬ ನಿರ್ಧಾರ ಹುದ್ದೆಯ ಭೇದದ ಮೇಲೆಯೇ ಆಗುತ್ತದೆ. ಕಬ್ಬಿಣದ ಮಾತು ಬಿಟ್ಟರೂ ನಮ್ಮ ಸೀಮೆಗೆ ನಿಶ್ಚಿಂತೆಯಿಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳ ಸೀಮೆಯಲ್ಲಿ ಮೂಟೆಗಳಿಗೆ ಹುಳ ಹತ್ತದಂತೆ ಗೋದಾಮಿನಲ್ಲಿಡುವ ಗುಳಿಗೆ ಗಾಳಿಯ ತೇವಕ್ಕೆ ಕರಗಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಮುಚ್ಚಿದ ಗೋದಾಮಿನ ಬಾಗಿಲು ತೆರೆದು ಮೊದಲು ಒಳಗೆ ಕಾಲಿಡುವವನು ಹಮಾಲ.

ಹಾಲ್ಡೇನರ ಕೆಲಸ ಇಷ್ಟಕ್ಕೇ ನಿಲ್ಲುವುದಿಲ್ಲ. ನೀರಿನಾಳದಿಂದ ಮೇಲೇರುವ ಮುಳುಗುಗಾರರು ಯಾವ ಆಳದಲ್ಲಿ ಎಷ್ಟು ಹೊತ್ತು ತಂಗಬೇಕೆಂಬ ಕೋಷ್ಟಕವನ್ನು 1908ರಲ್ಲಿ ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿದರು. ಕಾರ್ನ್‌ವಾಲ್‌ನ ತವರದ ಗಣಿಗಳಲ್ಲಿ ಕಲ್ಲುದೂಳು ಶ್ವಾಸಕೋಶವನ್ನು ಹೇಗೆ ತಿನ್ನುತ್ತದೆಂದು ತೋರಿಸಿದರು. ಉಸಿರಾಟದ ವೇಗವನ್ನು ನಿಯಂತ್ರಿಸುವುದು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಎಂಬ ಅವರ ಶೋಧವನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳು ಓದುತ್ತಾರೆ. 1934ರಲ್ಲಿ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಬಂತು. ಇವೆಲ್ಲ ವಿಜ್ಞಾನದ ಚರಿತ್ರೆಗೆ ಸೇರಿದವು. ನನಗೆ ಇಲ್ಲಿ ಬೇಕಾದದ್ದು ಯುದ್ಧದ ದಿನಗಳ ಇನ್ನೊಂದು ಕೆಲಸ. ಅನಿಲ ತಗುಲಿದ ಸೈನಿಕರಿಗೆ ಆಮ್ಲಜನಕವನ್ನು ಬೇಕಾಬಿಟ್ಟಿ ಊದದೆ, ಅಳತೆಯಿಟ್ಟು, ಮುಖವಾಡದ ಮೂಲಕ ಎಡೆಬಿಡದೆ ಕೊಡುವ ಸಾಧನವನ್ನು ಅವರು ರೂಪಿಸಿದರು. ಕಾರ್ಬನ್ ಮಾನಾಕ್ಸೈಡಿಗೂ ಅದೇ ಮದ್ದು. ಬರಿಯ ಗಾಳಿಯಲ್ಲಿ ಮಲಗಿಸಿದರೆ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು. ಕುಸಿದವನ ಮುಖಕ್ಕೆ ನೀರು ಚಿಮುಕಿಸಿ, ಟೆಂಪೊದಲ್ಲಿ ಮಲಗಿಸಿ ಪಟ್ಟಣದ ದಾರಿ ಹಿಡಿಯುವಾಗ ಕಳೆದುಹೋಗುವುದು ಈ ಅಂತರ.

ಎಪ್ಪತ್ತೈದರ ವಯಸ್ಸಿನಲ್ಲಿ ಹಾಲ್ಡೇನ್ ಮತ್ತೆ ಹೊರಟರು. ಪರ್ಷಿಯಾ ಮತ್ತು ಇರಾಕಿನ ಎಣ್ಣೆ ಕಾರ್ಖಾನೆಗಳಲ್ಲಿ ಬಿಸಿಲ ಹೊಡೆತಕ್ಕೆ ಸಿಕ್ಕುತ್ತಿದ್ದ ಕಾರ್ಮಿಕರ ಪರಿಸ್ಥಿತಿಯನ್ನು ಕಣ್ಣಾರೆ ನೋಡಲು. ಹಿಂದಿರುಗಿದ ಸ್ವಲ್ಪ ಕಾಲದಲ್ಲೇ ನ್ಯುಮೋನಿಯಾ ಹಿಡಿದು 1936ರ ಮಾರ್ಚ್ ನಡುವಿನಲ್ಲಿ ಆಕ್ಸ್‌ಫರ್ಡಿನ ಮನೆಯಲ್ಲಿ ತೀರಿಕೊಂಡರು. ಗಣಿಯಲ್ಲಿ ಭಾಷಣ ಒಪ್ಪಿಸಿದ ಆ ಮಗ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕಣ್ಣುಮುಚ್ಚಿದರು. ಅವರ ಇಚ್ಛೆಯಂತೆ ದೇಹವನ್ನು ಆಂಧ್ರದ ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು.

ನಮ್ಮ ಓಣಿಯ ಹುಡುಗ ಆ ಕಾರ್ಖಾನೆ ಬಿಟ್ಟಿದ್ದಾನೆ; ಅವನ ಜಾಗಕ್ಕೆ ಅವನ ಚಿಕ್ಕಪ್ಪನ ಮಗ ಹೋಗುತ್ತಿದ್ದಾನೆ. ಜೇಬಿನಲ್ಲಿಡುವ ಆ ಯಂತ್ರದ ವಿಷಯ ಅವನನ್ನು ಕೇಳಿದೆ. ತಂಡಕ್ಕೆ ಒಂದು ಕೊಡುವುದಾಗಿ ಹೇಳಿದ್ದಾರಂತೆ, ಮುಂದಿನ ಶಟ್‌ಡೌನ್ ಹೊತ್ತಿಗೆ.